ಕಾಣದ ಎಂಜಿನ್

ಅಕ್ಕಿ ಗಿರಣಿಯ ಗುರುಸಿದ್ದಪ್ಪನವರು ಹೊಸ ಕಾರು ಕೊಳ್ಳಲು ಹೊರಟರು. ಎಂಜಿನ್ ತುಂಬ ಕಂಪ್ಯೂಟರ್ ಇರುವ ಕಾರೇ ಬೇಕಂತೆ. ಡ್ರೈವರ್ ಹುಚ್ಚಯ್ಯನಿಗೆ ಸ್ಪ್ಯಾನರ್ ಹಿಡಿದು ರಿಪೇರಿ ಮಾಡೋದು ಗೊತ್ತೇ ಹೊರತು ಕಂಪ್ಯೂಟರ್ ಗೊತ್ತಿಲ್ಲ. ಅದು ದಾರಿಯಲ್ಲಿ ಕೆಟ್ಟು ನಿಂತರೆ ಬೈಸಿಕೊಳ್ಳೋನೂ ಅವನೇ, ತಳ್ಳೋನೂ ಅವನೇ.

ಶೋರೂಮಿನಲ್ಲಿ ಅವನು ಬಾನೆಟ್ ಎತ್ತಿಸಿದ. ಒಳಗೆ ಬರೀ ಕರೀ ಮುಚ್ಚಳ.

"ಇದನ್ನ ತೆಗೀರಿ ಸಾರ್."

"ಅಯ್ಯೋ, ಬೇಡ! ಚಿಟಿಕೆ ಧೂಳು ಬಿದ್ದರೂ ಕಂಪ್ಯೂಟರ್ ಕೆಡುತ್ತೆ," ಅಂದ ಮಾರುವವನು.

ಹುಚ್ಚಯ್ಯ ಕೈ ಕಟ್ಟಿ ನಿಂತ. "ಯಜಮಾನ್ರೇ, ಆಯುಧಪೂಜೆ ದಿನ ಎಂಜಿನ್ನಿಗೆ ಕುಂಕುಮ ಇಡೋರು ನೀವು. ಈ ಸಲ ಮುಚ್ಚಳಕ್ಕೆ ಇಟ್ಟರೆ ಎಂಜಿನ್ ಮುನಿಸಿಕೊಳ್ಳಲ್ವಾ?"

ಯಜಮಾನರು ಕಾರಿನಿಂದ ಎರಡು ಹೆಜ್ಜೆ ಹಿಂದೆ ಸರಿದರು. ಪೂಜೆಯಾಗದ ಗಾಡಿಯನ್ನು ಅವರು ಹತ್ತಿದವರೇ ಅಲ್ಲ.

"ಮೈಯೆಲ್ಲ ಕಾಣೋ ಎಂಜಿನ್ ತೋರಿಸಯ್ಯ!" ಎಂದು ಮಾರುವವನನ್ನು ಗದರಿದರು.

ಮೂಲೆಯಲ್ಲಿದ್ದ ಸಾದಾ ಕಾರಿನ ಬಾನೆಟ್ ಎದ್ದಿತು. ಯಜಮಾನರು ಅಲ್ಲೇ ಎಂಜಿನ್ನಿಗೆ ಕೈ ಮುಗಿದರು. ಹುಚ್ಚಯ್ಯ ಅವರಿಗಿಂತ ಭಕ್ತಿಯಿಂದ ಮುಗಿದ.