ಪಟ್ಟೆಗಲ್ಲಿನ ತೊಲೆ

“ಗುರುಗಳೇ, ಊಟದ ಸಾಲನ್ನು ಮೂರು ಮಾಡಿಬಿಡಲೇ?” ಎಂದು ಮರುಳಯ್ಯ ಕೇಳಿದ.

ಮಠದ ದಾಸೋಹದ ಹೊಣೆ ಅವನದು. ಓದುವ ಹುಡುಗರು, ಹೊಲ ಗೇಯುವವರು, ಕಲ್ಲುಗಣಿಯ ಕೂಲಿಯವರು ಎಲ್ಲರೂ ಕಲೆತು ಒಂದೇ ಸಾಲಿನಲ್ಲಿ ಉಣ್ಣುತ್ತಿದ್ದರು. ಗಣಿಯವರ ಮೈಧೂಳು ಎಲೆಗೆ ಬೀಳುತ್ತದೆ ಎಂದು ಗೊಣಗಾಟ ಶುರುವಾಗಿ ಹದಿನೈದು ದಿನವಾಗಿತ್ತು. ಕೇಳಿ ಕೇಳಿ ಅವನಿಗೆ ತಲೆ ಚಿಟ್ಟು ಹಿಡಿದಿತ್ತು. ಯಾರ ಮೇಲೂ ದ್ವೇಷವಿರಲಿಲ್ಲ ಪಾಪ, ಜಗಳ ನಿಂತರೆ ಸಾಕಿತ್ತು.

“ಕೂತುಕೋ,” ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಕಲ್ಲುಕುಟಿಗನಿದ್ದ. ಮಗಳಿಗೆ ಹೊಸ ಮನೆ ಕಟ್ಟಿದ. ಬಾಗಿಲ ಮೇಲಿನ ತೊಲೆಗೆ ಕಲ್ಲು ಬೇಕಾಯಿತು. ಅವನ ಕಸುಬಿನವರು ತೊಲೆಗೆ ಗ್ರಾನೈಟನ್ನೇ ಕಡಿಯುವುದು. ಅದರಲ್ಲಿ ಬೆಳ್ಳಗಿನ ಬೆಣಚು, ತಿಳಿಗೆಂಪಿನ ಫೆಲ್ಡ್‌ಸ್ಪಾರ್, ಮಿನುಗುವ ಕಾಗೆಬಂಗಾರ ಮೂರೂ ಕಾಳುಕಾಳಾಗಿ ಬೆರೆತಿರುತ್ತವೆ. ಆದರೆ ಮಗಳ ಮನೆಯೆಂದರೆ ಸುಮ್ಮನೆಯೇ? ಚೆಂದ ಬೇಕಾಯಿತು. ಅದೇ ಮೂರು ಕಾಳು ಬೇರೆ ಬೇರೆ ಸಾಲು ಹಿಡಿದಿದ್ದ ಪಟ್ಟೆಗಲ್ಲು ಅವನ ಕಣ್ಣಿಗೆ ಬಿತ್ತು. ಎಷ್ಟು ಅಚ್ಚುಕಟ್ಟು ಎಂದುಕೊಂಡ. ಪಟ್ಟೆಗಳು ಎದ್ದು ಕಾಣಲೆಂದು ಅವು ತೊಲೆಗೆ ಅಡ್ಡ ಬರುವಂತೆ ಕಡಿದು ಏರಿಸಿದ. ನೋಡಿದವರು ಹೊಗಳಿದ್ದೇ ಹೊಗಳಿದ್ದು.

ಅದರ ಮೇಲೆ ಗೋಡೆಯ ಭಾರ ಕೂತಿತು. ಮೂರನೆಯ ತಿಂಗಳು ತೊಲೆ ನಡುವೆ ಒಡೆದು, ಬಾಗಿಲಲ್ಲಿ ನಿಂತಿದ್ದ ಮಗಳ ಹೆಗಲ ಮೇಲೆ ಬಿತ್ತು. ಜೀವ ಉಳಿಯಿತು. ಬಲಗೈ ಮಾತ್ರ ಮೇಲೆತ್ತಲು ಬಾರದಾಯಿತು.

ಅಪ್ಪ ಓಡಿ ಬಂದ. ತೊಲೆ ಒಡೆದ ಕಡೆ ನೋಡಿದರೆ ಬರೀ ಕಾಗೆಬಂಗಾರ, ಆ ಪಟ್ಟೆಯೇ ಪದರ ಪದರವಾಗಿ ಬಿಟ್ಟುಕೊಂಡಿತ್ತು. “ಈ ಹಾಳಾದ್ದೇ ನಿನ್ನ ಕೈ ತಿಂದಿತು,” ಎಂದು ಸುತ್ತಿಗೆ ತೆಗೆದುಕೊಂಡು ಅದನ್ನು ಜಜ್ಜತೊಡಗಿದ.

ಮಗಳು ಎಡಗೈಯಿಂದ ಅವನನ್ನು ತಡೆದಳು. “ಅದನ್ನೇಕೆ ಬೈಯುತ್ತೀ ಅಪ್ಪಾ? ನಮ್ಮ ಹಳೆಯ ಮನೆಯ ತೊಲೆಯಲ್ಲೂ ಇದು ಇಷ್ಟೇ ಇದೆ. ಅಲ್ಲಿ ಉಳಿದವುಗಳ ಜೊತೆ ಬೆರೆತಿದೆ, ಅಷ್ಟೇ.”

ಅವನು ಸುತ್ತಿಗೆ ಕೆಳಗಿಟ್ಟ. ಮಗಳ ಮುಖ ನೋಡಲಾರದೆ ಅತ್ತುಬಿಟ್ಟ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮರುಳಯ್ಯನಿಗೆ ಆ ಅಪ್ಪನ ಮೇಲೆ ಮರುಕ ಹುಟ್ಟಿತು. “ಎಷ್ಟೆಂದರೂ ಆ ಕಾಳುಗಳನ್ನು ಬೇರೆ ಸಾಲಿಗೆ ಹಾಕಿದವನು ಅವನಲ್ಲವಲ್ಲ, ಗುರುಗಳೇ,” ಎಂದ.

“ಅಲ್ಲ, ಕಲ್ಲಿಗೆ ಸಾಲು ಹಾಕಿದ್ದು ಭೂಮಿ, ಇವರಿಗೆ ಹಾಕಲು ಹೊರಟವನು ನೀನು,” ಎಂದರು ಗುರುಗಳು.