ಸಂಗಜ್ಜಿಯ ಸಾಲೆ ಯಾರಿಗೆ?

“ಕೇಳ್ರಪ್ಪೋ ಕೇಳ್ರಿ. ಸಾಲಿ ಸಂಗಜ್ಜಿ ತೀರಿಕೊಂಡು ಇವತ್ತಿಗೆ ಹದಿಮೂರು ದಿನ. ಆಕಿ ಸಾಲಿ, ಹಿಂದಿನ ಮನಿ, ಎರಡೂ ದೊರಿಗಳ ಮೂರು ಒಗಟು ಬಿಡಿಸಿದವರಿಗೆ. ತಪ್ಪಿದವರಿಗೆ ಶೂಲ. ಮೂರು ದಿನದಾಗ ಯಾರೂ ಬಿಡಿಸಲಿಲ್ಲಂದ್ರ ಸಾಲಿ ಕುದುರಿ ಲಾಯ ಆಗತೈತಿ.”

ಡಂಗುರದವನು ಹೀಗೆ ಸಾರಿ, ಅದೇ ಮಾತು ಬರೆದ ಓಲೆಯನ್ನು ಸಾಲೆಯ ಬಾಗಿಲಿಗೆ ಸಿಕ್ಕಿಸಿ ಹೋದ. ಒಳಗೆ ನಿಂತು ಕೇಳಿದ ದ್ಯಾಮವ್ವನಿಗೆ ಮೈಯೆಲ್ಲ ಉರಿಯಿತು. ಅವಳು ಸಂಗಜ್ಜಿಯ ಮೊಮ್ಮಗಳು. ವಯಸ್ಸು ಇಪ್ಪತ್ತು, ತಂದೆತಾಯಿ ಇಲ್ಲ, ಸಾಲೆಯ ಹಿಂದಿನ ಆ ಒಂದಂಕಣದ ಮನೆ ಬಿಟ್ಟರೆ ಬೇರೆ ಸೂರಿಲ್ಲ. ಸಾವಿನ ಮನೆಗೆ ಬಂದು ಉಂಡೆಯಾ ಎಂದು ಕೇಳದ ದೊರೆ ಒಗಟು ಕೇಳುತ್ತಾನಂತೆ. ಅವನೂ ಚಿಕ್ಕವನಿದ್ದಾಗ ಇದೇ ಸಾಲೆಯಲ್ಲಿ ಸಂಗಜ್ಜಿಯಿಂದ ಕಿವಿ ಹಿಂಡಿಸಿಕೊಂಡವನೇ.

ಮರುದಿನ ದೊರೆ ತಿಮ್ಮರಾಜ ಸಾಲೆಯ ಅಂಗಳದಲ್ಲೇ ಗದ್ದುಗೆ ಹಾಕಿಸಿ ಕೂತ. ಊರಿಗೆ ಊರೇ ನೆರೆಯಿತು.

“ಮೊದಲನೇದು. ಸಂಗಜ್ಜಿ ಮೈಯಾಗ ಎಲ್ಲಕ್ಕಿಂತ ಮೊದಲು ಸವೆದದ್ದು ಯಾವುದು? ಎರಡನೇದು. ಆಕಿ ಊರಿಗೆಲ್ಲ ಹಂಚಿದಳು, ಹಂಚಿದಷ್ಟೂ ಆಕಿ ಮನ್ಯಾಗ ಕಡಿಮಿ ಆತು. ಏನದು? ಮೂರನೇದು. ದಿನಾ ಎಲ್ಲಾರಿಗಿಂತ ಮೊದಲು ಸಾಲಿ ಬಾಗಿಲಾ ತೆಗೆದು, ಒಂದಕ್ಷರನೂ ಕಲೀಲಾರದ ಹೊರಗ ಬಂದವರು ಯಾರು? ಯಾವುದರಿಂದ ಬೇಕಾದರೂ ಶುರು ಮಾಡ್ರಿ.”

ಊರಿನವರೆಲ್ಲ ಆ ಸಾಲೆಯಲ್ಲೇ ಕಲಿತವರು. ಆದರೆ ಜೀವ ಯಾರಿಗೆ ಬೇಡ? ಒಬ್ಬರೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟವರು ಪರವೂರಿನ ಮೂವರು ಪಂಡಿತರು, ಸಾಲೆಯ ಮೇಲೆ ಕಣ್ಣಿಟ್ಟು ಬಂದವರು. ಸಂಗಜ್ಜಿಯನ್ನು ಕಣ್ಣಿಂದ ಕಂಡವರೂ ಅಲ್ಲ. ಆದರೂ ಮೂವರೂ ಅವಳನ್ನು ಸಾಕ್ಷಾತ್ ಸರಸ್ವತಿ, ಶಾಂತಮೂರ್ತಿ ಎಂದು ಹೊಗಳಿಯೇ ಶುರು ಮಾಡಿದರು. ಉಪ್ಪು ಹೆಚ್ಚಾದರೆ ಸಾರಿನ ಸವಟು ಬೀಸಿ ಒಗೆಯುತ್ತಿದ್ದ ಶಾಂತಮೂರ್ತಿ! ದ್ಯಾಮವ್ವ ಬಾಗಿಲ ಮರೆಯಲ್ಲಿ ಹಲ್ಲು ಕಚ್ಚಿದಳು.

ಮೊದಲ ಪಂಡಿತ, ಓದಿ ಓದಿ ಸವೆದದ್ದು ಕಣ್ಣು ಎಂದ. ಸಾಯುವ ವಾರವೂ ಅವಳೇ ಸೂಜಿಗೆ ದಾರ ಪೋಣಿಸಿದ್ದಳು ಎಂದು ದೊರೆ ಅವನನ್ನು ಶೂಲದ ದಿನದವರೆಗೆ ಸೆರೆಮನೆಗೆ ಕಳಿಸಿದ. ಎರಡನೆಯವನು ಒಗಟಿನ ಕೊನೆಯನ್ನು ಗಮನಿಸದೆ, ಹಂಚುವುದು ವಿದ್ಯೆಯನ್ನಲ್ಲದೆ ಇನ್ನೇನನ್ನು, ಹಂಚಿದಷ್ಟೂ ಅದು ಹೆಚ್ಚುತ್ತದೆ ಎಂದು ಶ್ಲೋಕವನ್ನೂ ಹೇಳಿದ. ಕಡಿಮೆಯಾಯಿತು ಎಂದವನಿಗೆ ಹೆಚ್ಚಾಯಿತು ಎನ್ನುತ್ತೀಯಲ್ಲ ಎಂದು ಅವನನ್ನೂ ದೊರೆ ದಬ್ಬಿಸಿದ. ಮೂರನೆಯವನು ಎರಡು ದಿನ ಯೋಚಿಸಿ ಸೂರ್ಯ ಎಂದ. ಸೂರ್ಯ ಅಗುಳಿ ತೆಗೆಯುವುದನ್ನು ಯಾರೂ ನೋಡಿರಲಿಲ್ಲ. ಅವನೂ ಹೋದ.

ಮೂರನೆಯ ದಿನ ಹೊತ್ತು ಇಳಿಯುತ್ತಿತ್ತು. ಕುದುರೆಯವರು ಆಗಲೇ ಹುಲ್ಲಿನ ಹೊರೆ ತಂದು ಅಂಗಳದಲ್ಲಿ ಕೆಡವಿದರು. ಅದನ್ನು ಕಂಡು ದ್ಯಾಮವ್ವನಿಗೆ ತಡೆಯಲಾಗಲಿಲ್ಲ. ಸತ್ತರೆ ಸಾಯುತ್ತೇನೆ, ಪಂಡಿತರ ಸುಳ್ಳು ಹೊಗಳಿಕೆಯೇ ಅಜ್ಜಿಯ ಬಗ್ಗೆ ಕೊನೆಯ ಮಾತಾಗಲು ಬಿಡಲಾರೆ ಎಂದುಕೊಂಡು ಸೆರಗು ಸಿಕ್ಕಿಸಿ ಗದ್ದುಗೆಯ ಮುಂದೆ ನಿಂತಳು. ತಪ್ಪಿದರೆ ಏನಾಗುತ್ತದೆ ಗೊತ್ತಲ್ಲ ತಂಗಿ ಎಂದು ದೊರೆ ಕೇಳಿದ. ಅವಳು ನೇರ ಒಗಟಿಗೇ ಬಂದಳು.

“ಮೊದಲು ಸವೆದದ್ದು ಬಲಗೈ ತೋರಬೆರಳು, ಧಣೇರ. ಸಣ್ಣ ಹುಡುಗೋರಿಗೆ ಉಸುಕಿನಾಗ ಅಕ್ಷರ ತಿದ್ದಿಸಿ ತಿದ್ದಿಸಿ ತುದಿ ನುಣ್ಣಗಾಗಿತ್ತು. ರೊಟ್ಟಿ ಹಂಚಿಗೆ ತಾಗಿದ್ರೂ ಆಕಿಗೆ ಗೊತ್ತಾಗತಿರಲಿಲ್ಲ. ಅಜ್ಜಿ, ಬೆರಳ ಸುಡಾಕತ್ತೈತಿ ಅಂತ ನಾನೇ ಹೇಳಬೇಕಿತ್ತು.”

ದೊರೆ ಹೌದೆಂದು ತಲೆಯಾಡಿಸಿದ.

“ಎರಡನೇದು ಮಾತು. ಹಗಲೆಲ್ಲ ನಿಮ್ಮ ಮಕ್ಕಳಿಗೆ ಕತಿ, ಪದ, ಮಗ್ಗಿ ಹೇಳಿ ಸಂಜಿಗೆ ಗಂಟಲಾ ಬಿದ್ದು ಬರಾಕಿ. ಮನ್ಯಾಗ ಬರೇ ಕೈಸನ್ನಿ. ನೀರು ಬೇಕಂದ್ರೂ ಸನ್ನಿ, ಮಲಕೋ ಅನ್ನಾಕೂ ಸನ್ನಿ. ಊರ ಹುಡುಗೋರಿಗೆ ಗೊತ್ತಿದ್ದ ಆಕಿ ಕತಿ ಒಂದೂ ನನಗ ಗೊತ್ತಿಲ್ಲ.”

ಅಂಗಳದಲ್ಲಿದ್ದ ತಾಯಂದಿರು ತಮ್ಮ ತಮ್ಮ ಮಕ್ಕಳ ಕಡೆ ನೋಡಿದರು.

“ಮೂರನೇದು ನಾನು. ದಿನಾ ಬೆಳಿಗ್ಗೆ ಬಾಗಿಲಾ ತೆಗೆದು, ಉಸುಕು ಜರಡಿ ಹಿಡಿದು ಹಾಸಿ, ಹುಡುಗೋರು ಬರೂವಷ್ಟರಾಗ ರೊಟ್ಟಿ ಬಡಿಯಾಕ ಹೊರಗ ಬರತಿದ್ದೆ. ನನಗೂ ಕಲಿಸಬೇ ಅಂದ್ರ, ನಾಳಿ ಕೂಡು, ನೀ ಮನೀ ಮಗಳು, ಎಲ್ಲಿ ಓಡಿ ಹೋಗತಿ ಅನ್ನಾಕಿ. ಹದಿನಾಲ್ಕು ವರ್ಷ ನಾಳಿ ಅಂದಳು. ನೀವು ಬಾಗಿಲಿಗೆ ಸಿಕ್ಕಿಸಿದ ಓಲೆ ಓದಾಕೂ ನನಗ ಬರೂದಿಲ್ಲ.”

ದೊರೆ ಗದ್ದುಗೆಯಿಂದ ಇಳಿದು ಬಂದ. ಮೂರೂ ಉತ್ತರ ಸರಿ ಎಂದ. ಒಗಟು ತನ್ನವಲ್ಲ, ಕೊನೆಯ ಕಾಯಿಲೆಯಲ್ಲಿ ನೋಡಲು ಹೋದಾಗ ಸಂಗಜ್ಜಿಯೇ ಈ ಮೂರನ್ನು ಹೇಳಿದ್ದಳು. ಮೂರನೆಯದನ್ನು ಹೇಳುವಾಗ ಅತ್ತಿದ್ದಳು. ಇವು ಯಾರಿಗೆ ಗೊತ್ತೋ ಅವರೇ ತನ್ನ ಸಾಲೆಗೆ ಹಕ್ಕಿನವರು ಎಂದಿದ್ದಳು. ಹೊಗಳುಭಟರ ಕಾಟ ತಪ್ಪಲೆಂದು ಶೂಲವನ್ನೂ, ಬಲ್ಲವರು ಬೇಗ ಮುಂದೆ ಬರಲೆಂದು ಲಾಯದ ಮಾತನ್ನೂ ಮಾತ್ರ ದೊರೆ ತಾನೇ ಸೇರಿಸಿದ್ದ.

ಇದನ್ನು ಕೇಳಿ ದ್ಯಾಮವ್ವನ ಸಿಟ್ಟು ಇಳಿಯಬೇಕಿತ್ತು. ಇಮ್ಮಡಿಯಾಯಿತು.

“ನಿಮಗ ಹೇಳ್ಯಾಳ. ಬಾಜೂಕ ಕುಂತು ಗಂಜಿ ಕುಡಿಸಿದ ನನಗ ಹೇಳಲಿಲ್ಲ.”

ಸಾಲೆ ಅವಳದಾಯಿತು, ಮನೆಯೂ ಆಯಿತು. ಆದರೆ ಅಕ್ಷರ ಬಾರದವಳು ಸಾಲೆ ನಡೆಸುವುದು ಹೇಗೆ ಎಂದು ಮಂತ್ರಿ ಮೀಸೆಯಲ್ಲೇ ನಕ್ಕ. ಸೆರೆಯಲ್ಲಿ ಸುಮ್ಮನೆ ಕೂತ ಮೂವರು ಪಂಡಿತರನ್ನು ಇಲ್ಲಿಗೆ ಕಳಿಸಿ, ಊರಿನ ಮಕ್ಕಳಿಗೂ ನನಗೂ ಕಲಿಸಲಿ, ಸತ್ತವರಿಂದ ಏನುಪಯೋಗ ಎಂದು ದ್ಯಾಮವ್ವ ದೊರೆಗೆ ಹೇಳಿದಳು. ದೊರೆ ಒಪ್ಪಿದ. ಪಂಡಿತರಂತೂ ಕೇಳುವ ಮೊದಲೇ ಒಪ್ಪಿದ್ದರು.

ಮರುದಿನವೇ ದ್ಯಾಮವ್ವ ಆರು ವರ್ಷದ ಮಕ್ಕಳ ಸಾಲಿನಲ್ಲಿ ಕಾಲು ಮಡಚಿ ಕೂತಳು. ಮುಹೂರ್ತ ನೋಡೋಣ ಎಂದ ಪಂಡಿತನನ್ನು ಅವಳು ನೋಡಿದ ನೋಟಕ್ಕೆ ಅವನು ಪಂಚಾಂಗ ಮುಚ್ಚಿಟ್ಟ. ಅವಳ ಬೆರಳು ಹಿಡಿದು ಉಸುಕಿನಲ್ಲಿ ಒಂದು ‘ಅ’ ಬರೆಸಿದ. ಕೈ ಬಿಟ್ಟ ಮೇಲೆ ಅವಳೇ ಇನ್ನೊಂದು ಬರೆದಳು. ಸೊಟ್ಟಗಿದ್ದರೂ ‘ಅ’ ಅದು. ಅದನ್ನು ನೋಡುತ್ತ ನೋಡುತ್ತ ಗೊಳೋ ಎಂದು ಅತ್ತಳು. ಅಜ್ಜಿ ತೀರಿಕೊಂಡಾಗಿನಿಂದ ಒಮ್ಮೆಯೂ ಹಾಗೆ ಅತ್ತಿರಲಿಲ್ಲ. ಪಂಡಿತ ಗಾಬರಿಯಾಗಿ, ಉಸುಕು ಚುಚ್ಚಿತೇನಮ್ಮ ಎಂದು ಕೇಳಿದ.

“ಇಲ್ರಿ,” ಎಂದಳು ದ್ಯಾಮವ್ವ. “ಇದು ಇಷ್ಟೇ ಹೊತ್ತಿನ ಕೆಲಸ ಆಗಿತ್ತೇನ್ರಿ?”