ಪಂಕ್ತಿಯ ನಡುವೆ ಎದ್ದು ನಿಂತವಳು

ಮಲಪ್ರಭೆಯ ದಂಡೆಯ ಮೇಲೆ ಶಿವಲಿಂಗವ್ವತಾಯಿಯ ಆಶ್ರಮ. ಎರಡು ಕೋಣೆ, ಒಂದು ಪಡಸಾಲೆ, ಹೊಳೆಗೆ ಇಳಿಯುವ ಮೆಟ್ಟಿಲು. ಹಸಿದು ಬಂದವರಿಗೆ ಅಲ್ಲಿ ಊಟ, ಕೇಳಿ ಬಂದವರಿಗೆ ಒಂದೆರಡು ಮಾತು.

ಕಸ್ತೂರಿ ಓದಿ ಬೆಳೆದದ್ದು ಆ ಪಡಸಾಲೆಯಲ್ಲೇ. ಬಿ.ಎಡ್. ಮುಗಿಸಿ ಪಟ್ಟಣದ ವಸತಿ ಶಾಲೆಯೊಂದರಲ್ಲಿ ಗಣಿತದ ಶಿಕ್ಷಕಿಯಾದಳು. ತಾಯಿ ಶಿಷ್ಯರನ್ನು ಎದುರಿಗೆ ಹೊಗಳಿದವರಲ್ಲ. ಆದರೆ ಬಂದವರಿಗೆಲ್ಲ, “ನಮ್ಮ ಕಸ್ತೂರಿ ಲೆಕ್ಕ ಕಲಿಸತಾಳ” ಎನ್ನುವುದನ್ನು ಮಾತ್ರ ಮರೆಯುತ್ತಿರಲಿಲ್ಲ.

ಒಂದು ಶುಕ್ರವಾರ ಕಸ್ತೂರಿ ಚೀಲ ಹಿಡಿದು ಬಂದು ನಿಂತಳು. ತಾಯಿ ಕಟ್ಟೆಯ ಮೇಲೆ ಕುಳಿತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು.

“ಅವ್ವಾರ, ನಾ ಕೆಲಸ ಬಿಟ್ಟು ಬಂದೀನಿ!”

ತರಗತಿಗೆ ಪಾಠ ಹೇಳುವ ಆ ದನಿಗೆ ಬೇವಿನ ಮರದ ಗಿಳಿಗಳು ಎದ್ದು ಹಾರಿದವು.

ತಾಯಿ ಕಿವಿಗೆ ಅಂಗೈ ಹಿಡಿದರು. “ಇಲ್ಲಿ ನಾ ಒಬ್ಬಾಕಿ ಅದೀನಿ, ಮಗಳ. ಉಳಿದ ಅರವತ್ತು ಮಂದಿ ಎಲ್ಲಿ ಕುಂತಾರ?”

ಕಸ್ತೂರಿಗೆ ನಗು ಬಂತು. ಚೀಲ ಕೆಳಗಿಟ್ಟು ತಾಯಿಯ ಪಕ್ಕದಲ್ಲಿ ಕುಳಿತಳು.

“ಯಾಕ ಬಿಟ್ಟಿ?”

“ಬೆಳಗಾಗೂ ಮೊದಲ ಒಂದು ಕ್ಲಾಸು, ಹೊತ್ತು ಮುಳುಗಿದ ಮ್ಯಾಲೆ ಒಂದು ಕ್ಲಾಸು. ಪರೀಕ್ಷೆ ಆದ ಮ್ಯಾಲೆ ಯಾರ ಕ್ಲಾಸಿನಾಗ ಎಷ್ಟು ಮಂದಿ ಫೇಲು ಅಂತ ಸ್ಟಾಫ್‌ ರೂಮಿನ ಬೋರ್ಡಿನ ಮ್ಯಾಲೆ ನಮ್ಮ ಹೆಸರು ಹಾಕಿ ಬರೀತಾರ್ರಿ. ಹುಡುಗರ ಮುಖ ನೋಡಿದ್ರ ನನಗ ಹುಡುಗರು ಕಾಣೂದ ನಿಂತು ಹೋಗಿತ್ತು. ಬೋರ್ಡ ಕಾಣತಿತ್ತು.”

ತಾಯಿ ಸೊಪ್ಪು ಬದಿಗಿಟ್ಟರು.

“ಮೊನ್ನೆ ಒಬ್ಬ ಹುಡುಗ ಭಾಗಾಕಾರ ತಪ್ಪಿದ. ನಾ ಕೈ ಎತ್ತಿದೆ.”

“ಹೊಡದಿ?”

“ಇಲ್ರಿ. ಅವ ಕಣ್ಣು ಮುಚ್ಚಿದ. ಹೊಡೀತಾಳ ಅಂತ ಮೊದಲ ಗೊತ್ತಿದ್ದವರಂಗ ಮುಚ್ಚಿದ.” ಕಸ್ತೂರಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಚಾಕ್‌ಪೀಸ್ ಮೇಜಿನ ಮ್ಯಾಲೆ ಇಟ್ಟೆ. ಹೆಡ್ ಸರ್ ಕಡೆ ಹೋಗಿ ರಾಜೀನಾಮೆ ಕೊಟ್ಟೆ.”

ತಾಯಿ ಅವಳ ಬಲಗೈಯನ್ನು ತೆಗೆದುಕೊಂಡು ತಮ್ಮ ಮಡಿಲಲ್ಲಿಟ್ಟುಕೊಂಡರು. ಬಹಳ ಹೊತ್ತು ಬಿಡಲಿಲ್ಲ.

“ಬ್ಯಾರೆ ಕಡೆ ಎಲ್ಲೆರೆ ನೋಡಿದ್ದಿ?”

“ಇಲ್ರಿ. ತಪ್ಪಾಗಿದ್ದ ಅಲ್ಲಿ. ಅಣ್ಣ ಬೈದ. ಒಂದು ಹಿಡದು ಒಂದು ಬಿಡಬೇಕಿತ್ತು ಅಂತ ಎಲ್ಲಾರೂ ಅಂತಾರ.”

“ನೀ ಏನಂತಿ?”

“ನಾನೂ ಅದನ್ನ ಅಂತೀನ್ರಿ.”

“ಹಂಗಾದ್ರ ಎಲ್ಲಾರೊಳಗ ನೀನೂ ಒಬ್ಬಾಕಿ ಆದಿ. ನಮ್ಮ ಕಸ್ತೂರಿ ಏನಂತಾಳ?”

ಕಸ್ತೂರಿ ಮೆಂತ್ಯದ ಕಡ್ಡಿಯೊಂದನ್ನು ಎತ್ತಿಕೊಂಡಳು. ಆಮೇಲೆ ಹೇಳಿದಳು:

“ಸೋಮವಾರದ ತನಕ ಟೈಮ್ ಕೊಟ್ಟಾರ್ರಿ. ತಪ್ಪಾತು ಅಂದು ಬಂದ್ರ ರಾಜೀನಾಮೆ ಹರದು ಹಾಕತಾರಂತ. ನೀವ ಹೇಳ್ರಿ ಅವ್ವಾರ. ಹೋಗಲೋ, ಬ್ಯಾಡೋ?”

“ಹೋಗು ಅಂದ್ರ?”

“ಹೋಗತೀನಿ.”

“ಬ್ಯಾಡ ಅಂದ್ರ?”

“ಹೋಗಂಗಿಲ್ಲ.”

“ಹಂಗಾದ್ರ ಕೆಲಸ ಬಿಟ್ಟಾಕಿ ನೀನೋ, ನಾನೋ?”

ಕಸ್ತೂರಿ ಬೇರೊಂದು ಬಾಗಿಲು ತಟ್ಟಿದಳು.

“ಇಲ್ಲೇ ಏನಾರ ಕೊಡ್ರಿ. ನಾಳೆಯಿಂದ ಊರ ಹುಡುಗರನ್ನ ಕೂಡಿಸಿಕೊಂಡು ಪಾಠ ಹೇಳತೀನಿ.”

“ಬ್ಯಾಡ.”

“ಯಾಕ್ರಿ?”

“ಸೊಪ್ಪು ಒಣಗತೈತಿ. ಒಳಗ ನಡಿ, ನೀರು ಕುಡಿ.”

ಶನಿವಾರ ಕಸ್ತೂರಿ ಎಲ್ಲರಿಗಿಂತ ಮೊದಲು ಎದ್ದು ಅಂಗಳಕ್ಕೆ ಬಂದಳು. ತಾಯಿ ಅವಳ ಕೈಯಿಂದ ಕಸಬರಿಗೆ ತೆಗೆದುಕೊಂಡರು. “ಅದು ಗಂಗವ್ವನ ಕೆಲಸ.”

ಬಿಂದಿಗೆ ಎತ್ತಿಕೊಂಡಳು. ಅದನ್ನೂ ಇಳಿಸಿಕೊಂಡರು. “ನೀರು ತುಂಬಿ ಆಗೈತಿ.”

ದೀಪದ ಬತ್ತಿ ಹೊಸೆಯಲು ಕುಳಿತಳು. ಹತ್ತಿಯ ಬುಟ್ಟಿ ಎದುರಿನಿಂದ ಮಾಯವಾಯಿತು.

“ಮತ್ತ ನಾ ಏನ ಮಾಡಲ್ರಿ?”

“ಹೊಳಿ ನೋಡು.”

ಅವಳು ಮೆಟ್ಟಿಲ ಕಡೆ ಹೋದಳು. ಹೋದಷ್ಟೇ ಬೇಗ ಬಂದಳು. “ನೋಡಿದೆ ಅವ್ವಾರ.”

“ಮುಗೀತೇನು? ಪೇಪರ್ ಬರದು ಕೊಡೂದರಾಗ ನೀ ಸಣ್ಣಾಕಿ ಇದ್ದಾಗಿನಿಂದ ಮುಂದ.”

ಭಾನುವಾರವೂ ಹಾಗೇ ಆಯಿತು. ಕಸ್ತೂರಿಗೆ ಅಳುವೇ ಬಂತು. ಅನ್ನ ಹಾಕುವ ಮನೆಯಲ್ಲಿ ಒಂದು ಕಡ್ಡಿಯನ್ನೂ ಎತ್ತಿಡದೆ ಉಣ್ಣುವುದು ಹೇಗೆ?

“ನನ್ನ ಮ್ಯಾಲೆ ಸಿಟ್ಟೇನ್ರಿ ನಿಮಗ?”

“ಸಿಟ್ಟಿದ್ರ ನಿನ್ನೆನ ಕಸಬರಿಗೆ ಕೊಡತಿದ್ದೆ, ಹುಚ್ಚಿ.”

ಸೋಮವಾರ ಬಂತು.

ಸೋಮವಾರ ಆಶ್ರಮಕ್ಕೆ ಸುತ್ತಲಿನ ಊರವರು ಬರುತ್ತಾರೆ. ಮಧ್ಯಾಹ್ನ ಪಡಸಾಲೆಯಲ್ಲಿ ಊಟದ ಪಂಕ್ತಿ ಕುಳಿತಿತು. ತಾಯಿಯ ಎಡಕ್ಕೆ ಕಸ್ತೂರಿ. ಅವಳ ಪಕ್ಕದಲ್ಲಿ ಯಮನಪ್ಪಜ್ಜ ಎಂಬ ಮುದುಕ; ಬೆಳಗಿನ ಜಾವ ಹೊರಟು ನಡೆದೇ ಬಂದವನು.

ಅಲ್ಲಿಯ ಪಂಕ್ತಿಗೆ ಒಂದು ನಿಯಮವಿದೆ. ಎಲ್ಲರೂ ಒಟ್ಟಿಗೆ ಕೂಡಬೇಕು, ಒಟ್ಟಿಗೆ ಏಳಬೇಕು. ನಡುವೆ ಒಬ್ಬರು ಎದ್ದರೂ ಪಂಕ್ತಿ ಮುಗಿದಂತೆ. ಎಲೆಯಲ್ಲಿ ಏನೇ ಇರಲಿ, ಉಳಿದವರೂ ಕೈ ಬಿಡಬೇಕು.

ಮೊದಲ ರೊಟ್ಟಿ ಮುಗಿಯುವ ಹೊತ್ತು. ಕಸ್ತೂರಿಯ ಫೋನು ಹೊಡೆದುಕೊಂಡಿತು. ನೋಡಿದಳು: ಹೆಡ್ ಸರ್.

ಅವಳು ಥಟ್ಟನೆ ಎದ್ದು ನಿಂತಳು.

ಬೇಕೆಂದು ಎದ್ದದ್ದಲ್ಲ. ಹೆಡ್ ಸರ್ ಬಾಗಿಲಲ್ಲಿ ಕಂಡರೆ ಏಳುವುದು, ಕರೆದರೆ ಏಳುವುದು. ಕಾಲುಗಳಿಗೆ ಅದೇ ರೂಢಿಯಾಗಿತ್ತು. ಬಾಯಲ್ಲಿದ್ದ ತುತ್ತು ನುಂಗುತ್ತ, “ನಮಸ್ಕಾರ ಸರ್” ಎಂದಳು.

ಪಂಕ್ತಿ ಗಕ್ಕನೆ ನಿಂತಿತು.

ಬಾಯಿಗೆ ಹೋಗುತ್ತಿದ್ದ ಕೈಗಳು ಎಲೆಗೆ ಮರಳಿದವು. ಯಮನಪ್ಪಜ್ಜ ತನ್ನ ತುತ್ತನ್ನೇ ದಿಟ್ಟಿಸಿ ನೋಡಿದ. “ಶಿವನ! ಒಂದ ರೊಟ್ಟಿಗೆ ಮಂಗಳಾರತಿ ಆತಲ್ಲೋ!”

ಆಗ ಕಸ್ತೂರಿಗೆ ತಾನು ಮಾಡಿದ್ದೇನೆಂದು ತಿಳಿಯಿತು. ಮುಖ ಬಿಳಿಚಿತು. ಫೋನಿನಲ್ಲಿ ಹೆಡ್ ಸರ್ ಮಾತಾಡುತ್ತಲೇ ಇದ್ದರು.

“ಮೇಡಂ, ಕೇಳಿಸ್ತಾ ಇದೆಯಾ? ಇವತ್ತು ಕೊನೆ ದಿನ. ಬರ್ತೀರಾ, ಇಲ್ಲಾ ಬೇರೆಯವರನ್ನ ತಗೊಳ್ಳಲಾ?”

“ಒಂದು ನಿಮಿಷ ಸರ್.” ಫೋನನ್ನು ಎದೆಗೆ ಒತ್ತಿಕೊಂಡಳು. “ಅವ್ವಾರ, ತಪ್ಪಾತು… ಹೆಡ್ ಸರ್… ಏನ ಹೇಳಲ್ರಿ?”

ತಾಯಿ ಮೊಣಕಾಲಿಗೆ ಕೈಯೂರಿ ಮೆಲ್ಲನೆ ಎದ್ದರು.

“ಎಲ್ಲಾರೂ ಏಳ್ರಿ. ಕಸ್ತೂರಿ ಎದ್ದಾಳಂದ್ರ ಯಾರೋ ದೊಡ್ಡವರು ಬಂದಿರಬೇಕು.”

ಪಂಕ್ತಿಗೆ ಪಂಕ್ತಿಯೇ ಎದ್ದಿತು. ಯಮನಪ್ಪಜ್ಜ ಎಂಜಲು ಕೈಯನ್ನು ಧೋತರಕ್ಕೆ ತಾಗದಂತೆ ದೂರ ಹಿಡಿದು ಬಾಗಿಲ ಕಡೆ ಇಣುಕಿದ. “ಎಲ್ಲಿ ಅದಾರ್ರಿ, ಅವ್ವಾರ?”

“ಫೋನಿನ್ಯಾಗ.”

“ಓಹೋ,” ಎಂದು ಯಮನಪ್ಪಜ್ಜ ಕಸ್ತೂರಿಯ ಎದೆಯ ಮೇಲಿನ ಫೋನಿಗೆ ತಲೆ ಬಾಗಿಸಿದ. ಅವನನ್ನು ನೋಡಿ ಸಾಲಿನವರೆಲ್ಲ ಬಾಗಿಸಿದರು. ಬಡಿಸುತ್ತಿದ್ದ ಗಂಗವ್ವ ರೊಟ್ಟಿಯ ಬುಟ್ಟಿ ಹಿಡಿದುಕೊಂಡೇ ಬಾಗಿದಳು.

“ಆತಲ್ಲ, ಮರ್ಯಾದಿ ಕೊಟ್ಟಿವಿ,” ಎಂದರು ತಾಯಿ. “ಆ ಪಂಕ್ತಿ ಮುಗೀತು. ಇನ್ನ ಕೂಡ್ರಿ. ಇದು ಬ್ಯಾರೆ ಪಂಕ್ತಿ.”

ಎಲ್ಲರೂ ಕುಳಿತರು. ತಾಯಿಯೂ ಕುಳಿತರು.

ನಿಂತವಳು ಕಸ್ತೂರಿ ಒಬ್ಬಳೇ. ಯಾರೂ ತುತ್ತು ಮುರಿಯಲಿಲ್ಲ. ಅವಳು ಕೂಡುವ ತನಕ ಮುರಿಯುವಂತಿರಲಿಲ್ಲ. ಹಸಿದ ಮುದುಕ ತನ್ನ ಎಲೆಯನ್ನು ನೋಡಲಿಲ್ಲ, ಅವಳನ್ನೂ ನೋಡಲಿಲ್ಲ. ಮೇಲೆ ಜಂತಿಯನ್ನು ನೋಡುತ್ತ ಕುಳಿತಿದ್ದ.

ಕಸ್ತೂರಿ ತಾಯಿಯನ್ನು ನೋಡಿದಳು. ತಾಯಿ ಹೋಗೆನ್ನಲಿಲ್ಲ, ಬೇಡೆನ್ನಲಿಲ್ಲ. ಅವಳ ಎಲೆಯ ಮುಂದಿನ ಜಾಗವನ್ನು ಸೆರಗಿನಿಂದ ಒಮ್ಮೆ ಒರೆಸಿದರು, ಅಷ್ಟೇ.

ಅವಳ ಕಾಲುಗಳು ಮಡಚಿಕೊಂಡವು.

ಯಮನಪ್ಪಜ್ಜ ರೊಟ್ಟಿಗೆ ಕೈ ಹಾಕಿದ.

“ಸರ್,” ಎಂದಳು ಕಸ್ತೂರಿ. ಕುಳಿತೇ ಹೇಳಿದಳು. ಒಬ್ಬರಿಗೆ ಕೇಳುವಷ್ಟೇ ದನಿಯಲ್ಲಿ. “ನಾನು ಬರೋದಿಲ್ಲ ಸರ್.”

“ಓ, ಬೇರೆ ಕಡೆ ಸೇರಿಬಿಟ್ಟಿರಾ?”

“ಇಲ್ಲ ಸರ್.”

“ಮತ್ತೆ? ಕೆಲಸ ಇಲ್ಲದೆ ಅಲ್ಲಿ ಏನು ಮಾಡ್ತಾ ಇದ್ದೀರಿ ಮೇಡಂ?”

ಫೋನು ಕಿವಿಯಲ್ಲೇ ಇತ್ತು. ಕಸ್ತೂರಿ ತಾಯಿಯ ಕಡೆ ತಿರುಗಿದಳು. “ಕೆಲಸ ಇಲ್ದ ಅಲ್ಲಿ ಏನ ಮಾಡಾಕತ್ತೀರಿ ಅಂತಾರ್ರಿ, ಅವ್ವಾರ.”

ತಾಯಿ ಗಂಗವ್ವನಿಗೆ ಸನ್ನೆ ಮಾಡಿ, ಕಸ್ತೂರಿಯ ಎಲೆಗೆ ಬಿಸಿ ರೊಟ್ಟಿ ಹಾಕಿಸಿದರು.

“ಉಣ್ಣಾಕ ಕುಂತೀನಿ ಅನ್ನು, ಮಗಳ. ಹುಗ್ಗಿ ಇನ್ನೂ ಬರೂದೈತಿ.”